ಏಳನೇ ಖೋಲಿಯ ಹಾಲು

ಒಂಬತ್ತು ವರ್ಷ ಕಾಯಿಸಿದ ಡಬ್ಬಿ ಆಷಾಢದ ಕಡೆಯ ಸೋಮವಾರ ಬೆಳಿಗ್ಗೆ ಬಂತು. ನೋಡಲು ಬೇರೆಲ್ಲ ಡಬ್ಬಿಗಳ ಹಾಗೆಯೇ ಇತ್ತು. ಒಳಗೆ ಮಂಜುಗಡ್ಡೆಯ ಚೀಲ, ಹತ್ತಿ ಸುತ್ತಿದ ಗಾಜಿನ ನಳಿಕೆಗಳು, ನಳಿಕೆಗಳಲ್ಲಿ ಹಾವಿನ ಹಿಕ್ಕೆ. ಧಾರವಾಡದ ಜಾಡು ಕೇಂದ್ರಕ್ಕೆ ದಿನಕ್ಕೆ ಇಂಥವು ಮೂವತ್ತು ನಲವತ್ತು ಬರುತ್ತವೆ. ಆದರೆ ಇದರ ಮುಚ್ಚಳದ ಮೇಲಿನ ಹೆಸರು ಓದಿದ ಕೂಡಲೇ ಡಾಕ್ಟರ್ ನೀಲಗಂಗಾ ಬಡಿಗೇರ ಎದ್ದುಹೋಗಿ ಬಾಗಿಲು ಹಾಕಿಕೊಂಡಳು. ಜಯವಂತ ಇನಾಮದಾರ, ಸರ್ಪಶಾಲೆ.

"ಸಿಕ್ಕೆಲ್ಲೋ ಮಗನ," ಎಂದಳು ಗಟ್ಟಿಯಾಗಿ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು.

ವಿದೇಶಿ ಹಾವು ಸಾಕಲು ಸರಕಾರ ಪರವಾನಗಿ ಕೊಡತೊಡಗಿದ ಮೇಲೆ ನಮ್ಮ ಜನಕ್ಕೆ ಹಿಡಿದ ಹುಚ್ಚು ಅಷ್ಟಿಷ್ಟಲ್ಲ. ಜಿರಲೆ ಕಂಡರೆ ಮಂಚ ಹತ್ತುವವರು ಹೆಬ್ಬಾವನ್ನು ಶಲ್ಯದಂತೆ ಹೆಗಲ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಹಾವಿನ ಜೊತೆ ಹಾವಿನ ಪರೋಪಜೀವಿಗಳೂ ಬಂದವು. ಹುಳ ಬಂದವು, ಉಣ್ಣಿ ಬಂದವು. ಅವಕ್ಕೆಲ್ಲ ಔಷಧವಿತ್ತು. ಔಷಧವಿಲ್ಲದ್ದು ಒಂದೇ, ಸಾಕುವವರು 'ಹೊಟ್ಟೆಗಂಟು' ಎನ್ನುವ ರೋಗ. ಕಣ್ಣಿಗೆ ಕಾಣದ ಒಂದು ಜೀವಿ ಹಾವಿನ ಜಠರದಲ್ಲಿ ಮನೆ ಮಾಡುತ್ತದೆ. ತಿಂದ ಇಲಿಯನ್ನು ಹಾವು ಮೂರನೇ ದಿನ ವಾಂತಿ ಮಾಡುತ್ತದೆ, ನಡುಮೈ ಗಂಟುಗಟ್ಟುತ್ತದೆ, ಕಡೆಗೆ ಚರ್ಮ ಮತ್ತು ಎಲುಬು ಉಳಿಯುತ್ತವೆ. ಬ್ಲೀಚಿಂಗ್ ಪುಡಿಗೆ ಅದು ಜಗ್ಗುವುದಿಲ್ಲ. ಅದರ ಮೊಟ್ಟೆಯ ಹೊದಿಕೆ ಅಷ್ಟು ಗಟ್ಟಿ.

ನೀಲಗಂಗಾಳ ಯಂತ್ರ ಹುಟ್ಟಿದ್ದೇ ಆ ಹೊದಿಕೆಯಿಂದ. ಅವಳಪ್ಪ ಬಡಿಗ. ಹಳೆಯ ಬಾಗಿಲು ರಿಪೇರಿಗೆ ಬಂದರೆ ಬಣ್ಣ ಕೆರೆಯುತ್ತ, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ ಎಂದು ತೋರಿಸಿ, ಆ ಮನೆಯಲ್ಲಿ ಯಾರಾದ ಮೇಲೆ ಯಾರಿದ್ದರು ಎಂದು ಹೇಳುತ್ತಿದ್ದ. ಈ ಪರೋಪಜೀವಿಯ ಮೊಟ್ಟೆಯೂ ಹಾಗೆಯೇ ಎಂದು ಅವಳು ಕಂಡುಕೊಂಡಳು. ಯಾವ ಹಾವಿನ ಜೊಲ್ಲು ತಗಲಿತೋ, ಯಾವ ಪೆಟ್ಟಿಗೆಯ ಹೊಲಸು ಅಂಟಿತೋ ಅದರದೊಂದು ಪದರ ಹೊದಿಕೆಯಲ್ಲಿ ಉಳಿಯುತ್ತದೆ. ಮುಂದಿನ ಪೀಳಿಗೆ ತನ್ನ ಹೊದಿಕೆಯನ್ನು ಹಳೆಯದರ ಅಚ್ಚಿನ ಮೇಲೆಯೇ ನೇಯುತ್ತದೆ. ಬೆಳಕಿನ ಸೂಜಿಯಿಂದ ಪದರ ಪದರವಾಗಿ ಸುಲಿದರೆ, ಅದು ಎಲ್ಲಿಂದ ಹೊರಟು ಯಾರ ಯಾರ ಮನೆ ಹೊಕ್ಕು ಬಂತು ಎಂಬುದು ಸಾಲಾಗಿ ಸಿಗುತ್ತದೆ. ಅದೇ ಜಾಡು. ಎಲ್ಲಕ್ಕಿಂತ ಕೆಳಗಿನ ಪದರ ಗೊತ್ತಾದರೆ ಹೊದಿಕೆಯನ್ನು ಕರಗಿಸುವ ಔಷಧವನ್ನೂ ಕುದುರಿಸಬಹುದು. ಜಾಡು ಓದದೆ ಔಷಧವಿಲ್ಲ. ಓದಿದ ಜಾಡನ್ನು ಹಾವಿನ ಮನೆಯ ಬಾಗಿಲಿಗೆ ಅಂಟಿಸಬೇಕೆಂದು ಕಾನೂನೂ ಬಂದಿತ್ತು.

ದೇಶಕ್ಕೆಲ್ಲ ಇದೊಂದು ದೊಡ್ಡ ಶೋಧ. ನೀಲಗಂಗಾ ಮಾತ್ರ ಇದನ್ನು ಮಾಡಿದ್ದು ಒಬ್ಬನೇ ಒಬ್ಬನ ಡಬ್ಬಿಗಾಗಿ.

ಸಂಜೆ ಮನೆಗೆ ಬಂದಾಗ ಹಿತ್ತಲಿನ ನಲ್ಲಿ ಹರಿಯುತ್ತಿತ್ತು. ಅವಳ ಗಂಡ ಈರಣ್ಣ ಕೈ ತೊಳೆಯುತ್ತಿದ್ದ. ಮೊಣಕೈವರೆಗೆ ಸೋಪು ಹಚ್ಚಿ, ಬೆರಳಸಂದಿ ತಿಕ್ಕಿ, ತೊಳೆದು, ನೋಡಿ, ಮತ್ತೆ ಸೋಪು ಹಚ್ಚುತ್ತಿದ್ದ. ಒಂಬತ್ತು ವರ್ಷದಿಂದ ಇದೇ. ಕೈಗಳ ಚರ್ಮ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು.

ಈರಣ್ಣ ಒಂದು ಕಾಲಕ್ಕೆ ಇನಾಮದಾರನ ಸರ್ಪಶಾಲೆಯ ಮುಖ್ಯ ಪಾಲಕ. ಅಲ್ಲಿ ಸಾಲಾಗಿ ಏಳು ಖೋಲಿ. ಒಂದನೆಯದರಲ್ಲಿ ಹಳೆಯ, ಗಟ್ಟಿಮುಟ್ಟಾದ ಹಾವುಗಳು. ಏಳನೆಯದು ಹೊಸದಾಗಿ ಬಂದವುಗಳಿಗೆ, ಮೂರು ತಿಂಗಳ ಕ್ವಾರಂಟೈನ್. ಪಾಲಕನಾದವನು ದಿನವೂ ಒಂದರಿಂದ ಹೊರಟು ಏಳಕ್ಕೆ ಮುಗಿಸಬೇಕು, ಹಿಂದಿನ ಬಾಗಿಲಿನಿಂದ ಹೊರಬಿದ್ದು ಸ್ನಾನ ಮಾಡಬೇಕು. ಏಳಕ್ಕೆ ಹೋದವನು ಅವತ್ತು ಒಂದಕ್ಕೆ ತಿರುಗಿ ಬರುವಂತಿಲ್ಲ. ಈ ಕ್ರಮ ಈರಣ್ಣನ ಮೈಗೆ ಹತ್ತಿಹೋಗಿತ್ತು. ಮನೆಯಲ್ಲೂ ಚೆನ್ನಾಗಿರುವ ಗಿಡಕ್ಕೆ ಮೊದಲು ನೀರು ಹಾಕಿ, ಹುಳ ಬಿದ್ದ ಗಿಡಕ್ಕೆ ಕಡೆಗೆ ಹಾಕುತ್ತಿದ್ದ.

ಆ ವರ್ಷ ದೀಪಾವಳಿಯ ಹೊತ್ತಿಗೆ ಏಳೂ ಖೋಲಿಗಳಲ್ಲಿ ಹೊಟ್ಟೆಗಂಟು ಹಬ್ಬಿ ನಲವತ್ತೊಂದು ಹಾವು ಸತ್ತವು. ಏಳನೇ ಖೋಲಿಯ ಹಾವೆತ್ತುವ ಕೊಕ್ಕೆಯನ್ನು ಪಾಲಕ ಬೇರೆ ಖೋಲಿಗೆ ಒಯ್ದಿದ್ದಾನೆ ಎಂದು ಇನಾಮದಾರ ಬೆರಳು ತೋರಿಸಿದ. ತೋರಿಸಿ ಸುಮ್ಮನಾಗಲಿಲ್ಲ. ಸತ್ತ ಹಾವನ್ನು ಎರಡೂ ಅಂಗೈ ಮೇಲೆ ಹಿಡಿಸಿ, ತನ್ನ ಹಾವಿನ ವಾಹಿನಿಯ ಕ್ಯಾಮೆರಾದ ಮುಂದೆ ನಿಲ್ಲಿಸಿ, "ನನ್ನ ಕೈ ಹೊಲಸಿತ್ತು, ನನ್ನ ಕೈಯಿಂದ ಸತ್ತವು" ಎಂದು ಹೇಳಿಸಿದ. ಇಡೀ ನಾಡು ಅದನ್ನು ನೋಡಿತು. ಪರವಾನಗಿ ಹೋಯಿತು, ಕೆಲಸ ಹೋಯಿತು. ಅದೆಲ್ಲ ಹೋದರೆ ಹೋಗಲಿ. ಹೇಳುತ್ತ ಹೇಳುತ್ತ ಈರಣ್ಣ ಆ ಮಾತನ್ನು ನಂಬಿಬಿಟ್ಟ. ನೀಲಗಂಗಾಳಿಗೆ ಸಹಿಸಲಾಗದೇ ಇದ್ದದ್ದು ಅದು.

"ಇನಾಮದಾರನ ಡಬ್ಬಿ ಬಂದೈತ್ರಿ," ಎಂದಳು ನಲ್ಲಿ ನಿಲ್ಲಿಸುತ್ತ. "ಉಳಿದ ಹಾವಿಗೆ ಮತ್ತ ಹೊಟ್ಟೆಗಂಟು. ಆ ಬಿಳೀ ಹೆಬ್ಬಾವು, ಐರಾವತ, ಅದಕ್ಕೂ ಹತ್ತೇತಿ. ಪಾಲಕರಿಬ್ಬರು ಓಡಿಹೋಗ್ಯಾರ. ನಿಮ್ಮ ಗತೀನ ತಮಗೂ ಬರ್ತೈತಿ ಅಂತ."

ಈರಣ್ಣ ಕೈ ಒರೆಸಿಕೊಳ್ಳದೆ ನಿಂತ. "ಗೌರಿ ಅದಾಳೇನು?"

ಗೌರಿ ಒಂದನೇ ಖೋಲಿಯ ಮೊದಲನೇ ಪೆಟ್ಟಿಗೆಯ ಕಂದು ಹೆಬ್ಬಾವು. ಮೊಟ್ಟೆಯೊಡೆದು ಬಂದ ದಿನದಿಂದ ಈರಣ್ಣನೇ ಸಾಕಿದ್ದ.

"ಅದಾಳ. ಪಟ್ಟಿಯೊಳಗ ಐತಿ. ಆಕೀಗೂ ವಾಂತಿ ಅಂತ."

"ಲಗೂನ ಔಷಧ ಮಾಡು, ನೀಲಾ. ಪಾಪ, ಮೂಕ ಜೀವ."

"ಮಾಡ್ತೇನ್ರಿ," ಎಂದಳು. ಅವಳ ತಲೆಯಲ್ಲಿದ್ದದ್ದು ಮೂಕ ಜೀವಗಳಲ್ಲ, ಮಾತಾಡುವ ಒಂದು ಜೀವ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಯಂತ್ರ ಪದರಗಳನ್ನು ಸುಲಿದು ಪರದೆಯ ಮೇಲೆ ಸಾಲಾಗಿ ಇಟ್ಟಿತು. ನೀಲಗಂಗಾ ಕನ್ನಡಕ ಒರೆಸಿ ಎರಡು ಸಲ ಓದಿದಳು. ಜಾಡು ಹೊರಟದ್ದು ಏಳನೇ ಖೋಲಿಯ ಐರಾವತನಿಂದ. ಅಲ್ಲಿಂದ ಆರು, ಐದು, ನಾಲ್ಕು, ಕಡೆಗೆ ಒಂದು. ಕಟ್ಟಕಡೆಯ ಪದರ ಗೌರಿಯದು. ಎಲ್ಲ ಒಂಬತ್ತು ವರ್ಷದ ಹಿಂದಿನ ಒಂದೇ ದಿನದ ಅಂಟು.

ಅವಳು ಕುರ್ಚಿಗೆ ಒರಗಿದಳು. ಪಾಲಕನೊಬ್ಬ ಮೈಮರೆತು ಕೊಕ್ಕೆ ಒಯ್ದಿದ್ದರೆ ಒಂದು ಖೋಲಿಗೆ ಒಯ್ದಾನು. ಏಳರಿಂದ ಒಂದಕ್ಕೆ ಸಾಲುತಪ್ಪದೆ ನಡೆದವನು ಪಾಲಕನಲ್ಲ. ಈರಣ್ಣನಂತೂ ಅಲ್ಲವೇ ಅಲ್ಲ. ಅವನ ಕಾಲು ಹಾಗೆ ನಡೆಯಲಿಕ್ಕೇ ಬಾರದು.

ಆದರೆ ನಡೆದವರು ಯಾರು? ಪದರಗಳ ನಡುವೆ ಯಂತ್ರ ಇನ್ನೊಂದು ವಿಚಿತ್ರ ತೋರಿಸಿತ್ತು. ಪ್ರತಿ ಎರಡು ಹಾವುಗಳ ನಡುವೆ ಒಂದೇ ಬಗೆಯ ತೆಳುವಾದ ಜಿಡ್ಡು. ಹಾಲಿನ ಕೊಬ್ಬು, ಬೆಲ್ಲದ ಅಂಶ, ಕೊಬ್ಬರಿ ಎಣ್ಣೆ. ಹಾವಿನ ಮನೆಯಲ್ಲಿ ಕೊಬ್ಬರಿ ಎಲ್ಲಿಂದ ಬಂತು? ಹಾವು ಇಲಿ ತಿನ್ನುತ್ತದೆ, ಹೋಳಿಗೆ ತಿನ್ನುವುದಿಲ್ಲ. ಯಂತ್ರ ಕೆಟ್ಟಿದೆಯೆಂದುಕೊಂಡು ಅವಳು ಮತ್ತೆ ಓಡಿಸಿದಳು. ಮತ್ತೆ ಕೊಬ್ಬರಿಯೇ ಬಂತು.

ತಲೆ ಬಿಸಿಯಾಗಿ ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಮಲ್ಲವ್ವ ಕಟ್ಟೆಯ ಮೇಲೆ ಪಂಚಮಿಯ ಸಂತೆ ಹರಡಿಕೊಂಡು ಕೂತಿದ್ದಳು. ಜೋಳದ ಅಳ್ಳು, ಶೇಂಗಾ ಉಂಡಿ, ಒಣಕೊಬ್ಬರಿ ಬಟ್ಟಲುಗಳು. ಅವಳ ಮೊಮ್ಮಗಳು ಕೊಬ್ಬರಿ ಬಟ್ಟಲನ್ನು ನೀರಿನ ತಂಬಿಗೆಯಲ್ಲಿ ಅದ್ದಿ ಅದ್ದಿ ಕಲ್ಲಿನ ಮೇಲೆ ಸುರಿಯುತ್ತಿದ್ದಳು.

"ದೇವರ ಪಾಲು! ಅಪ್ಪನ ಪಾಲು! ಅವ್ವನ ಪಾಲು! ಅಣ್ಣನ ಪಾಲು!"

"ಪಂಚಮಿ ಇನ್ನ ಐತಾರಕ್ಕೈತಿ, ಈಕಿ ಈಗಿಂದನ ಹಾಲೆರಿಯಾಕ ಹತ್ಯಾಳ ನೋಡ ಯವ್ವಾ," ಎಂದು ಮಲ್ಲವ್ವ ನಕ್ಕಳು.

ನೀಲಗಂಗಾ ಗೇಟು ಹಿಡಿದುಕೊಂಡು ನಿಂತುಬಿಟ್ಟಳು. ಬೆಲ್ಲದ ಹಾಲು. ಕೊಬ್ಬರಿ ಬಟ್ಟಲು. ಒಂದೇ ಬಟ್ಟಲು, ಒಂದೇ ತಂಬಿಗೆ, ಅದ್ದುವುದು, ಎರೆಯುವುದು, ಮತ್ತೆ ಅದ್ದುವುದು. ಆ ವರ್ಷ ಪಂಚಮಿಗೆ ಅವಳು ಹಟ ಹಿಡಿದು ತವರಿಗೆ ಹೋಗಿದ್ದಳು, ಕರೆದೊಯ್ದವನು ಈರಣ್ಣ. ಸರ್ಪಶಾಲೆಯಿಂದ ಅವನು ಆ ವರ್ಷ ಪಡೆದ ಒಂದೇ ಒಂದು ರಜೆ ಅದು.

ಬುಧವಾರ ಬೆಳಿಗ್ಗೆ ಔಷಧ ತಯಾರಾಯಿತು. ಉಳಿದ ಹಾವಿಗೆ ಒಂದರಂತೆ ಇಪ್ಪತ್ತಾರು ಸಣ್ಣ ಸೀಸೆ. ಅವುಗಳನ್ನು ಕೇಂದ್ರದ ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿ, ಬರಿಗೈಯಲ್ಲಿ ನೀಲಗಂಗಾ ಇನಾಮದಾರನ ಮನೆಗೆ ಹೋದಳು.

ಸಾಕ್ಷಿಯನ್ನು ಅವಳು ಹುಡುಕಬೇಕಾಗಿಯೇ ಇರಲಿಲ್ಲ. ಹಾಲ್‌ನ ನಟ್ಟನಡುವೆ, ಸೋಫಾದ ಮೇಲ್ಗಡೆ, ಕಟ್ಟು ಹಾಕಿಸಿದ ದೊಡ್ಡ ಫೋಟೋ ತೂಗುತ್ತಿತ್ತು. ರೇಷ್ಮೆ ಧೋತರದ ಇನಾಮದಾರ ಕೊಬ್ಬರಿ ಬಟ್ಟಲಿನಿಂದ ಬಿಳಿಯ ಹಾವಿನ ಹೆಡೆಯಿಲ್ಲದ ತಲೆಗೆ ಹಾಲೆರೆಯುತ್ತಿದ್ದಾನೆ. ಹಿಂದೆ ನಗುವ ಅತಿಥಿಗಳು. ಅವರ ಹಿಂದಿನ ಬಾಗಿಲ ಮೇಲೆ ಏಳು ಎಂಬ ಅಂಕಿ. ಇಷ್ಟು ವರ್ಷ ಬಂದುಹೋದವರೆಲ್ಲ ಅದರ ಕೆಳಗೇ ಕೂತು ಚಹ ಕುಡಿದಿದ್ದರು.

"ಬರ್ರಿ ಮೇಡಮ್ಮಾರ," ಎಂದು ಇನಾಮದಾರ ಕೈ ಮುಗಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅವನು ಅವಳ ಗುರುತು ಹಿಡಿಯಲಿಲ್ಲ. "ಔಷಧ ತಂದೀರೇನ್ರಿ? ನನ್ನ ಐರಾವತ ತಲೀನ ಎತ್ತವಲ್ಲದು."

"ಈ ಫೋಟೋ ತೆಗೆದದ್ದು ಯಾವಾಗ, ಸಾಹೇಬ್ರ?"

"ಅದಾ? ಪಂಚಮಿಗೆ. ಐರಾವತ ಬಂದು ನಾಕ ದಿನ ಆಗಿತ್ತು ನೋಡ್ರಿ. ಬೆಳ್ಳನ ನಾಗಪ್ಪ, ದೇವರ ಪಾಲು ಇದಕ್ಕ ಮೊದಲ ಅಂದ್ರು ಎಲ್ಲಾರೂ."

"ಆಮ್ಯಾಲ ಅಪ್ಪನ ಪಾಲು ಆರನೇ ಖೋಲಿಗೆ. ಅವ್ವನ ಪಾಲು ಐದನೇದಕ್ಕ. ಹೌದಲ್ರೀ?"

ಇನಾಮದಾರ ಅವಳನ್ನು ಈಗ ಸರಿಯಾಗಿ ನೋಡಿದ. "ನೀವು... ಈರಣ್ಣನ ಮನಿಯವರಾ?"

ಅವಳು ಜಾಡಿನ ಕಾಗದವನ್ನು ಅವನ ಮುಂದಿಟ್ಟಳು. ಏಳರಿಂದ ಒಂದು. ನಡುನಡುವೆ ಹಾಲು, ಬೆಲ್ಲ, ಕೊಬ್ಬರಿ. ಅವನು ಓದಿದ. ಸುಳ್ಳು ಹೇಳಲು ಬಾಯಿ ತೆರೆದ, ತಲೆಯ ಮೇಲಿನ ಫೋಟೋ ನೆನಪಾಗಿ ಮುಚ್ಚಿದ.

"ನಿಮಗ ಗೊತ್ತಿತ್ತು," ಎಂದಳು ನೀಲಗಂಗಾ.

"ಮೊದಲ ಹಾವು ಸತ್ತಾಗನ ಅನಿಸಿತ್ರಿ. ಆದ್ರ ಬಂದವರು ದೊಡ್ಡ ದೊಡ್ಡ ಮಂದಿ, ನಾನ ಕರದಿದ್ದೆ. ಪಂಚಮಿ ಹಾಲು ಎರದು ಹಾವು ಕೊಂದ ಅಂತ ಮಂದಿ ನಕ್ಕಿದ್ರ ನಾ ಹೆಂಗ ತಲಿ ಎತ್ತಲಿ? ಒಬ್ಬರ ಮ್ಯಾಲ ಹಾಕಬೇಕಾಗಿತ್ತು." ಅವನು ಕೈ ಹಿಸುಕಿಕೊಂಡ. "ಈರಣ್ಣಗ ಮತ್ತ ಕೆಲಸ ಕೊಡ್ತೇನ್ರಿ. ಇವತ್ತ ಕೊಡ್ತೇನಿ. ಈ ಕಾಗದ ಬಾಗಿಲಿಗೆ ಹಚ್ಚೂದು ಬ್ಯಾಡ. ಔಷಧ ಅಷ್ಟ ಕೊಡ್ರಿ."

ಒಬ್ಬರ ಮೇಲೆ ಹಾಕಬೇಕಾಗಿತ್ತು! ಗೋಡೆಯಲ್ಲಿ ಮೊಳೆ ಕಂಡರೆ ಅಂಗಿ ನೇತುಹಾಕಿದಷ್ಟು ಸಲೀಸಾಗಿ ಹೇಳಿದ.

"ಕಾಗದ ಹಚ್ಚೂದು ಕಾನೂನು. ಅದನ್ನ ನಾ ಮಾಡ್ತೇನಿ," ಎಂದಳು. "ಉಳದದ್ದು ನೀವು ಮಾಡಬೇಕು. ಐತಾರ ಪಂಚಮಿ. ಅವತ್ತ ಬಂದಿದ್ದ ಅತಿಥಿಗಳನ್ನೆಲ್ಲ ಕರೀರಿ. ಕ್ಯಾಮೆರಾ ಹಚ್ಚರಿ. ನನ್ನ ಗಂಡನ ಕೈಲೆ ಹೇಳಿಸಿದ ಮಾತು ನೆನಪದಾವಲ್ಲ, ಅವನ್ನ ನೀವು ಹೇಳ್ರಿ. ಸತ್ತ ನಲವತ್ತೊಂದು ಹಾವಿನ ಹೆಸರು ಒಂದೊಂದ ಓದ್ರಿ. ಆಮ್ಯಾಲ ಏಳೂ ಖೋಲಿ ಕುದಿಯೋ ನೀರು, ಅಮೋನಿಯ ಹಾಕಿ ನಿಮ್ಮ ಕೈಲೇ ತೊಳೀರಿ. ಒಂದು ಹಾವಿಗೆ ಒಂದು ದಿನದಂಗ ನಲವತ್ತೊಂದು ದಿನ."

"ಐತಾರದ ತನಕ ಐರಾವತ ಉಳಿಯಂಗಿಲ್ರಿ ತಾಯಿ!" ಇನಾಮದಾರನ ಕಣ್ಣಲ್ಲಿ ನೀರು ಬಂತು. ನಾಟಕವಲ್ಲ, ನಿಜವಾದ ನೀರು. "ಇವತ್ತ ಕೊಡ್ರಿ, ಐತಾರ ಎಲ್ಲಾ ಹೇಳ್ತೇನಿ. ನನ್ನ ಮಕ್ಕಳಾಣೆ."

"ಔಷಧ ಇನ್ನ ಆಗಿಲ್ಲ," ಎಂದಳು.

ಅವನು ಅಳುವುದನ್ನು ನೋಡಿ ಅವಳ ಹೊಟ್ಟೆ ತಣ್ಣಗಾಯಿತು. ಮುಚ್ಚಿಡುವುದೇನಿದೆ? ಅಷ್ಟು ವರ್ಷ ನಲ್ಲಿಯ ಸದ್ದು ಕೇಳಿದವಳು ಅವಳು. ಇನ್ನು ನಾಲ್ಕು ದಿನ ಅವನೂ ಒಂದು ಸದ್ದು ಕೇಳಲಿ, ಐರಾವತನ ಉಸಿರು ಎಳೆಯುವ ಸದ್ದು.

ಗುರುವಾರ ಊಟಕ್ಕೆ ಕೂತಾಗ ಈರಣ್ಣ ಕೇಳಿದ, "ಔಷಧ ಆತೇನು?"

"ಇನ್ನೂ ಇಲ್ರಿ. ತಡ ಆಗತೈತಿ."

ಅವನು ರೊಟ್ಟಿ ಮುರಿದ. ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳು ಅದಲ್ಲದಿರಬಹುದು. ಆದರೆ ಹೇಳಿದ ಮೇಲೆ ಪಲ್ಯದ ರುಚಿ ಹೋದದ್ದು ಅದೊಂದಕ್ಕೇ. ಶುಕ್ರವಾರವೂ ಕೇಳಿದ. ಶನಿವಾರ ಕೇಳಲಿಲ್ಲ.

ಪಂಚಮಿಯ ದಿನ ಹನ್ನೊಂದು ಗಂಟೆಗೆ ಸರ್ಪಶಾಲೆಯ ಅಂಗಳದಲ್ಲಿ ಅದೇ ಅತಿಥಿಗಳು, ಒಂಬತ್ತು ವರ್ಷ ಮುದಿಯಾದವರು, ಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದರು. ಹಾಲು ಕೊಬ್ಬರಿ ಎಲ್ಲಿ ಎಂದು ಅತ್ತಿತ್ತ ನೋಡುತ್ತಿದ್ದರು. ಇನಾಮದಾರನ ವಾಹಿನಿಯಲ್ಲಿ ಇದೆಲ್ಲ ನೇರವಾಗಿ ಪ್ರಸಾರವಾಗುತ್ತಿತ್ತು. ನೀಲಗಂಗಾ ಬಾಗಿಲಿಗೆ ಜಾಡಿನ ಕಾಗದ ಅಂಟಿಸಿ ಪಕ್ಕಕ್ಕೆ ನಿಂತಳು. ಕಾಲ ಬಳಿ ಸೀಸೆಗಳ ಪೆಟ್ಟಿಗೆ.

ಇನಾಮದಾರ ಕ್ಯಾಮೆರಾದ ಮುಂದೆ ಬಂದ. ಕಾಗದ ಬಿಡಿಸಿದ.

"ಈರಣ್ಣ ಬಡಿಗೇರ ತಪ್ಪು ಮಾಡಿಲ್ಲ," ಎಂದು ಓದಿದ. "ಏಳನೇ ಖೋಲಿಯಿಂದ ಒಂದನೇ ಖೋಲಿತನಕ ಹಾಲೆರದವ ನಾನು. ಗೊತ್ತಿದ್ದೂ ಅವನ ಮ್ಯಾಲ ಹಾಕಿದವ ನಾನು. ನನ್ನ ಕೈ ಹೊಲಸಿತ್ತು. ನನ್ನ ಕೈಯಿಂದ ಸತ್ತವು."

ಒಬ್ಬ ಅತಿಥಿ ಎದ್ದುಹೋದ. ಇನ್ನೊಬ್ಬ ಮೊಬೈಲಿನ ಹಿಂದೆ ಮುಖ ಮುಚ್ಚಿಕೊಂಡ. ಇನಾಮದಾರ ಒಂದೊಂದೇ ಹೆಸರು ನಿಲ್ಲಿಸಿ ನಿಲ್ಲಿಸಿ ಓದತೊಡಗಿದ. ಹತ್ತನೆಯ ಹೆಸರಿಗೆ ದನಿ ಒಡೆಯಿತು. ಇಪ್ಪತ್ತಕ್ಕೆ ನೀರು ಕೇಳಿದ. ನೀಲಗಂಗಾ ಕೊಡಬೇಡಿ ಎಂದು ಕೈಸನ್ನೆ ಮಾಡಿದಳು. ನಲವತ್ತೊಂದನೆಯ ಹೆಸರು ಮುಗಿದಾಗ ಅವನ ರೇಷ್ಮೆಯ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಇಷ್ಟು ಸುಖವಾದ ಗಾಳಿಯನ್ನು ಎಷ್ಟೋ ವರ್ಷದಿಂದ ಉಸಿರಾಡಿರಲಿಲ್ಲ.

ಆಮೇಲೆ ಅವನು ಧೋತರ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು, ಹಬೆಯಾಡುವ ನೀರಿನೊಂದಿಗೆ ನೇರ ಐರಾವತನಿದ್ದ ಏಳನೇ ಖೋಲಿಯ ಕಡೆ ಹೊರಟ.

"ಸಾಹೇಬ್ರ, ಅತ್ತಲಾಗಲ್ಲ. ಒಂದನೇ ಖೋಲಿಯಿಂದ."

ಎಲ್ಲರೂ ತಿರುಗಿ ನೋಡಿದರು. ಗೇಟಿನ ಬಳಿ ಈರಣ್ಣ ನಿಂತಿದ್ದ. ಟ್ರಂಕಿನಲ್ಲಿ ಮಡಚಿಟ್ಟಿದ್ದ ಹಳೆಯ ಪಾಲಕನ ಅಂಗಿ ತೊಟ್ಟಿದ್ದ. ಮನೆಯಲ್ಲಿ ಮೊದಲ ಮಾತು ಕೇಳಿದ ಕೂಡಲೇ ಹೊರಟು, ಹೆಸರುಗಳನ್ನು ಮೊಬೈಲಿನಲ್ಲಿ ಕೇಳುತ್ತ ಸಿಟಿ ಬಸ್ಸು ಹಿಡಿದು ಬಂದಿದ್ದ. ಅವನ ಬೆನ್ನು ನೆಟ್ಟಗಿತ್ತು. ಈ ಬೆನ್ನು ನೋಡಲಿಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು!

ಈರಣ್ಣ ಕೈಗೆ ಗವುಸು ಹಾಕಿಕೊಳ್ಳುತ್ತ ಒಂದನೇ ಖೋಲಿಗೆ ಹೋದ. ಅವಳು ಸೀಸೆಗಳ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೋದಳು.

ಮೊದಲನೇ ಪೆಟ್ಟಿಗೆಯ ಮುಂದೆ ಅವನು ನಿಂತ. ಬಾಗಿಲು ಸರಿಸಿದ. ಗೌರಿ ಮೂಲೆಯಲ್ಲಿ ಸುತ್ತಿಕೊಂಡಿದ್ದಳು, ಆದರೆ ಸುತ್ತು ಸಡಿಲವಾಗಿತ್ತು. ಅವನು ಕೈ ಹಾಕಿ ಎತ್ತಿದ. ಹಗ್ಗದಂತೆ ಜೋತುಬಿದ್ದಳು.

"ನಿನ್ನೆ ಸಂಜೀಗೆ ಹೋತ್ರಿ ಅದು," ಎಂದ ಬಾಗಿಲಲ್ಲಿ ನಿಂತಿದ್ದ ಇನಾಮದಾರ. "ನಾ ಐರಾವತನ ಹತ್ತಿರ ಕುಂತಿದ್ದೆ. ಐರಾವತ ಉಳಕೊಂಡಾನ."

ಈರಣ್ಣ ಹೆಂಡತಿಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡುತ್ತಿದ್ದ. ಸೀಸೆಗಳ ಮೇಲೆ ಕೇಂದ್ರದ ನಿಯಮದಂತೆ ತಯಾರಿಸಿದ ದಿನ ಬರೆದ ಚೀಟಿ ಇತ್ತು. ಅವಳದೇ ಅಕ್ಷರ.

"ಬುಧವಾರ," ಎಂದು ಓದಿದ.

"ಹೌದ್ರಿ."

"ಬುಧವಾರದಿಂದ ಇತ್ತು."

ಅವಳು ಏನೋ ಹೇಳಹೋದಳು. ಇನಾಮದಾರ ಹೇಗೆ ತಪ್ಪಿಸಿಕೊಳ್ಳುತ್ತಿದ್ದ, ಎಷ್ಟು ವರ್ಷ ಕಾದೆ, ನಿಮ್ಮ ಸಲುವಾಗಿಯೇ ಅಲ್ಲವೇ, ಎಂಬ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಆ ನಾಲ್ಕು ದಿನ ಐರಾವತನ ನೆನಪು ಬಂದಾಗಲೆಲ್ಲ ಅವಳಿಗೆ ಹಿತವಾಗಿತ್ತು. ಗೌರಿಯ ನೆನಪು ಒಂದು ಸಲವೂ ಬಂದಿರಲಿಲ್ಲ.

ಈರಣ್ಣ ಪೆಟ್ಟಿಗೆಯನ್ನು ಅವಳಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟ. ಗೌರಿಯನ್ನು ಅವಳ ಎರಡೂ ಅಂಗೈ ಮೇಲೆ ಮಲಗಿಸಿದ. ಸಿಟ್ಟಿನಿಂದಲ್ಲ. ಅವನಿಗೆ ಉಳಿದ ಹಾವುಗಳಿಗೆ ಔಷಧ ಕುಡಿಸಬೇಕಿತ್ತು, ಕೈ ಖಾಲಿ ಬೇಕಿತ್ತು, ಅಷ್ಟೆ. ಗೌರಿ ತಣ್ಣಗಿದ್ದಳು, ಕಂಡದ್ದಕ್ಕಿಂತ ಭಾರವಿದ್ದಳು.

"ಹೊರಗ ಒಯ್ದು ಹುಗಿ," ಎಂದ. "ಆಮ್ಯಾಲ ಕೈ ತೊಳ್ಕೊ."

ಹೊರಗೆ ಹೋಗುವಾಗ ಅವಳು ಬಾಗಿಲ ಬಳಿ ನಿಂತು, ಒಂದು ಕೈಯಲ್ಲಿ ಗೌರಿಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಪೆನ್ನು ತೆಗೆದು ಜಾಡಿನ ಕಾಗದದ ಕೆಳಗೆ ನಲವತ್ತೆರಡು ಎಂದು ಬರೆದಳು. ಅದರ ಮುಂದೆ ಗೌರಿ. ಅದರ ಮುಂದೆ ತನ್ನ ಹೆಸರು.

ಇನಾಮದಾರ ನಲವತ್ತೊಂದು ದಿನ ತೊಳೆದ. ಅವನ ಬಗ್ಗೆ ನೀಲಗಂಗಾಳಿಗೆ ಇವತ್ತಿಗೂ ಒಂದಿಷ್ಟೂ ಮರುಕವಿಲ್ಲ, ಬೇಕಾದರೆ ಇನ್ನೊಂದು ಸಲ ತೊಳೆಸಿಯಾಳು. ಈರಣ್ಣನಿಗೆ ಪರವಾನಗಿ ಬಂತು. ಅವನ ಕೈಯ ಬಿರುಕುಗಳು ದೀಪಾವಳಿಯ ಹೊತ್ತಿಗೆ ಕೂಡಿಕೊಂಡವು. ಸಂಜೆ ಬಂದು ಒಂದು ಸಲ ಕೈ ತೊಳೆದು, ಒರೆಸಿಕೊಂಡು ಊಟಕ್ಕೆ ಕೂರುತ್ತಾನೆ.

ಹಿತ್ತಲಿನ ನಲ್ಲಿ ಮಾತ್ರ ಇನ್ನೂ ಹರಿಯುತ್ತಿರುತ್ತದೆ. "ಬಾ ನೀಲಾ, ಸಾಕು, ರೊಟ್ಟಿ ಆರತಾವ," ಎಂದು ಅವನು ಒಳಗಿನಿಂದ ಕರೆಯುತ್ತಾನೆ. "ಬಂದೆ," ಎನ್ನುತ್ತಾಳೆ ಅವಳು, ಇನ್ನೊಂದು ಸಲ ಸೋಪು ಹಚ್ಚುತ್ತ.